ಸಣ್ಣ ವ್ಯಾಪಾರಿಯ ದೂರಿಗೆ ಜೊತೆ ನಿಲ್ಲುವವರು ಬೇಕು

ಮಾನ್ಯ ಸಂಪಾದಕರಿಗೆ,

ಲೋಕಾಯುಕ್ತ ಪೊಲೀಸರ ಬಲೆಗೆ ಬಿದ್ದ ನೌಕರರ ಸುದ್ದಿ ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಆಗಾಗ ಪ್ರಕಟವಾಗುತ್ತದೆ. ಅಂಥ ಸುದ್ದಿಗಳಲ್ಲಿ ನಾನು ಮೊದಲು ನೋಡುವುದು ದೂರು ಕೊಟ್ಟವರು ಯಾರು ಎಂಬುದನ್ನು. ಖಾತೆ ಬದಲಾವಣೆಗೆ ಅಲೆದ ಜಮೀನಿನ ಮಾಲೀಕರು, ಬಿಲ್ ಬಾಕಿಯಿರುವ ಗುತ್ತಿಗೆದಾರರು ಅಲ್ಲಿ ಮತ್ತೆ ಮತ್ತೆ ಕಾಣುತ್ತಾರೆ. ದಿನಸಿ ಅಂಗಡಿ, ಹಿಟ್ಟಿನ ಗಿರಣಿ, ಬೇಕರಿ, ಖಾನಾವಳಿ ನಡೆಸುವವರು ಅಪರೂಪ. ಇವರ ಬಳಿ ಯಾರೂ ಹಣ ಕೇಳುವುದಿಲ್ಲ ಎಂದು ನಂಬುವಷ್ಟು ಮುಗ್ಧರು ತಮ್ಮ ಓದುಗರಲ್ಲಿ ಇರಲಾರರು.

ಖಾತೆಯ ಕೆಲಸ ಒಮ್ಮೆ ಆದರೆ ಆ ಕಚೇರಿಯ ಹಂಗು ತೀರುತ್ತದೆ. ಅಂಗಡಿಯವನಿಗೆ ಆ ಬಿಡುಗಡೆ ಇಲ್ಲ. ಉದ್ದಿಮೆ ಪರವಾನಗಿಯ ನವೀಕರಣ, ತಕ್ಕಡಿಗೆ ಸತ್ಯಾಪನೆಯ ಮುದ್ರೆ, ಆಹಾರ ಸುರಕ್ಷತಾ ನೋಂದಣಿ, ಕಾರ್ಮಿಕ ಇಲಾಖೆಯ ತಪಾಸಣೆ, ಇವೆಲ್ಲಕ್ಕೂ ಅವನು ಅವೇ ಮೇಜುಗಳ ಮುಂದೆ ನಿಲ್ಲಬೇಕು. ಇಂದು ದೂರು ಕೊಟ್ಟು ಒಬ್ಬರನ್ನು ಹಿಡಿಸಿದರೂ ನಾಳೆ ಪರಿಶೀಲನೆಗೆ ಬರುವವರು ಅವರ ಸಹೋದ್ಯೋಗಿಗಳೇ. ಆದ್ದರಿಂದ ಮಾಮೂಲನ್ನು ಅವನು ಬಾಡಿಗೆ, ವಿದ್ಯುತ್ ಬಿಲ್ಲುಗಳ ಜೊತೆಗೆ ಲೆಕ್ಕಕ್ಕೆ ಹಿಡಿದು ಸುಮ್ಮನಾಗುತ್ತಾನೆ.

ಹೀಗೆ ಸುಮ್ಮನಿರುವುದು ಈಗ ಅವನಿಗೇ ಅಪಾಯಕಾರಿ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಲಂಚ ಕೊಡುವುದೂ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ನೇರ ಅಪರಾಧವಾಗಿದೆ. ಒತ್ತಾಯಕ್ಕೆ ಸಿಲುಕಿ ಕೊಟ್ಟವರಿಗೆ ರಕ್ಷಣೆ ಇದೆ. ಆದರೆ ಅಂಥವರು ಕೊಟ್ಟ ದಿನದಿಂದ ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಲಂಚ ಕೊಟ್ಟವನ ಹೇಳಿಕೆಗೆ ಮೊದಲು ರಕ್ಷಣೆ ನೀಡುತ್ತಿದ್ದ 24ನೇ ಕಲಂ ಅನ್ನು ಅದೇ ತಿದ್ದುಪಡಿ ತೆಗೆದುಹಾಕಿತು. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದು ರಾತ್ರಿ ಹತ್ತಕ್ಕೆ ಮುಚ್ಚುವ ಒಂಟಿ ವ್ಯಾಪಾರಿ ಏಳು ದಿನಗಳಲ್ಲಿ ವಕೀಲರನ್ನು ಹುಡುಕಿ, ದೂರು ಬರೆಸಿ, ಧೈರ್ಯ ತಂದುಕೊಂಡು ಠಾಣೆಯ ಮೆಟ್ಟಿಲು ಹತ್ತಬೇಕೆನ್ನುವುದು ಕಾಗದದ ಮೇಲೆ ಮಾತ್ರ ಸರಳ. ನಾಗರಿಕ ಸಂಘಟನೆಗಳ ಅಗತ್ಯ ಅವನಿಗೆ ಬೀಳುವುದು ಇಲ್ಲಿಯೇ.

ನಮ್ಮ ರಾಜ್ಯದಲ್ಲಿ ಇಂಥ ಸಂಘಟನೆಗಳಿಗೆ ಕೊರತೆ ಇಲ್ಲ. ಬೆಂಗಳೂರಿನ ಜನಾಗ್ರಹ ಸಂಸ್ಥೆ 2010ರಲ್ಲಿ ಆರಂಭಿಸಿದ ‘ಐ ಪೇಯ್ಡ್ ಎ ಬ್ರೈಬ್’ ಜಾಲತಾಣದಲ್ಲಿ ಹೆಸರು ಹೇಳದೆಯೇ ಲಂಚದ ಅನುಭವ ದಾಖಲಿಸಬಹುದಿತ್ತು. ಅಲ್ಲಿ ಸೇರಿದ ಮಾಹಿತಿಯನ್ನು ಅಂದಿನ ಸಾರಿಗೆ ಆಯುಕ್ತರು ತಮ್ಮ ಇಲಾಖೆಯ ಸುಧಾರಣೆಗೆ ಬಳಸಿಕೊಂಡರು. ಆದರೆ ಹೆಸರಿಲ್ಲದ ದೂರಿನಿಂದ ಯಾವ ಕಚೇರಿಯಲ್ಲಿ ರೋಗವಿದೆ ಎಂದು ತಿಳಿಯಬಹುದೇ ಹೊರತು, ನಿರ್ದಿಷ್ಟ ವ್ಯಾಪಾರಿಯ ತಡೆಹಿಡಿದ ಕಡತ ಮುಂದಕ್ಕೆ ಹೋಗುವುದಿಲ್ಲ. ಅದಕ್ಕೆ ಹೆಸರಿರುವ ದೂರೇ ಬೇಕು. ಕರ್ನಾಟಕ ಲೋಕಾಯುಕ್ತ ಕಾಯ್ದೆಯಡಿ ಸಲ್ಲಿಸುವ ದೂರಿನ ಜೊತೆ ಪ್ರಮಾಣಪತ್ರವನ್ನೂ (ಅಫಿಡವಿಟ್) ಲಗತ್ತಿಸಬೇಕು. ಪೊಲೀಸರು ಬಲೆ ಬೀಸುವುದಾದರೆ, ಮುಟ್ಟಿದವರ ಕೈ ಪತ್ತೆಯಾಗಲೆಂದು ಪುಡಿ ಸವರುವ ನೋಟುಗಳನ್ನೂ ಸಾಮಾನ್ಯವಾಗಿ ದೂರುದಾರನೇ ಹೊಂದಿಸಿಕೊಳ್ಳಬೇಕಾಗುತ್ತದೆ, ಆ ಹಣ ಕೂಡಲೇ ಕೈಗೆ ಮರಳುವುದಿಲ್ಲ. ಹತ್ತು ಸಾವಿರ ರೂಪಾಯಿ ಒಂದು ತಿಂಗಳು ಸಿಕ್ಕಿಬಿದ್ದರೆ ಸಗಟು ವ್ಯಾಪಾರಿಗೆ ಉತ್ತರ ಹೇಳಲಾಗದ ಅಂಗಡಿಗಳು ನಮ್ಮ ಪೇಟೆಗಳಲ್ಲಿ ಎಷ್ಟೋ ಇವೆ. ವರ್ತಕರ ಸಂಘ ಮತ್ತು ನಾಗರಿಕ ವೇದಿಕೆ ಸೇರಿ ಇದಕ್ಕೆಂದೇ ಒಂದು ಸಣ್ಣ ಆವರ್ತ ನಿಧಿ ಇಟ್ಟುಕೊಂಡರೆ, ದೂರು ಬರೆಸಲು ಒಬ್ಬ ವಕೀಲರನ್ನು ಗೊತ್ತುಮಾಡಿದರೆ, ವಿಚಾರಣೆಯ ದಿನ ನಾಲ್ಕು ಜನ ಜೊತೆಗೆ ಹೋದರೆ, ಇಂದು ಬಾಯಿ ಬಿಡದ ಅನೇಕರು ಮುಂದೆ ಬಂದಾರು.

ಒಂಟಿಯಾಗಿ ಮಾತನಾಡುವುದಕ್ಕೂ ಒಟ್ಟಾಗಿ ಮಾತನಾಡುವುದಕ್ಕೂ ಇರುವ ಅಂತರವನ್ನು ಇಟಲಿಯ ಸಿಸಿಲಿ ದ್ವೀಪದ ಚರಿತ್ರೆ ತೋರಿಸುತ್ತದೆ. ಅಲ್ಲಿ ಸುಲಿಯುತ್ತಿದ್ದುದು ಮಾಫಿಯಾ, ಸರ್ಕಾರಿ ನೌಕರರಲ್ಲ, ಆದ್ದರಿಂದ ಹೋಲಿಕೆಗೆ ಮಿತಿಯಿದೆ. ಪಲೆರ್ಮೊ ನಗರದ ಉಡುಪು ಉದ್ಯಮಿ ಲಿಬೆರೊ ಗ್ರಾಸಿ, ತನ್ನನ್ನು ಸುಲಿಯಲು ಬಂದವರಿಗೆ 1991ರ ಜನವರಿಯಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದು ಹಣ ಕೊಡುವುದಿಲ್ಲ ಎಂದರು. ಜೊತೆ ನಿಲ್ಲಬೇಕಿದ್ದ ಉದ್ಯಮಿಗಳೇ ದೂರ ಸರಿದರು. ಅದೇ ವರ್ಷದ ಆಗಸ್ಟ್ 29ರಂದು ಅವರ ಕೊಲೆಯಾಯಿತು. ಆ ದಿನಗಳಲ್ಲೇ ಅದೇ ದ್ವೀಪದ ಕಾಪೊ ದೊರ್ಲಾಂಡೊ ಎಂಬ ಸಣ್ಣ ಪಟ್ಟಣದ ವ್ಯಾಪಾರಿಗಳು ಸಂಘ ಕಟ್ಟಿ, ಒಟ್ಟಾಗಿ ದೂರು ಕೊಟ್ಟು, ನ್ಯಾಯಾಲಯದಲ್ಲಿ ಒಬ್ಬರ ಹಿಂದೊಬ್ಬರು ಸಾಕ್ಷಿ ಹೇಳಿ ಸುಲಿಗೆಕೋರರಿಗೆ ಶಿಕ್ಷೆ ಕೊಡಿಸಿದರು. 2004ರಲ್ಲಿ ಪಲೆರ್ಮೊದ ಯುವಕರು ಆರಂಭಿಸಿದ ‘ಅಡಿಯೊಪಿಟ್ಸೊ’ ಚಳವಳಿ ಇದಕ್ಕೆ ಗ್ರಾಹಕರನ್ನೂ ಸೇರಿಸಿತು. ಸುಲಿಗೆ ಹಣ ಕೊಡಲು ಒಪ್ಪದ ಅಂಗಡಿಗಳ ಪಟ್ಟಿ ಪ್ರಕಟವಾಯಿತು, ಅಲ್ಲಿಯೇ ಕೊಳ್ಳುತ್ತೇವೆಂದು ಸಾವಿರಾರು ಜನ ಸಹಿ ಹಾಕಿದರು. ದೂರು ಕೊಟ್ಟವನ ಜೊತೆ ಠಾಣೆಗೂ ನ್ಯಾಯಾಲಯಕ್ಕೂ ಹೋಗುವುದು ಆ ಸಂಘಟನೆಯ ನಿತ್ಯದ ಕೆಲಸ.

ನಮ್ಮಲ್ಲಿ ಬೀದಿ ಬದಿ ವ್ಯಾಪಾರಿಗಳ ವಿಷಯದಲ್ಲಿ ಇಂಥ ಜೊತೆಗೂಡುವಿಕೆಯನ್ನು ಕಾನೂನೇ ವಿಧಿಸಿದೆ. 2014ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರತಿ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ಸದಸ್ಯರು ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳಾಗಿರಬೇಕು, ಕನಿಷ್ಠ ಶೇಕಡ 10ರಷ್ಟು ಸದಸ್ಯರು ಸ್ವಯಂಸೇವಾ ಹಾಗೂ ಸಮುದಾಯ ಸಂಸ್ಥೆಗಳಿಂದ ಬರಬೇಕು. ವಶಪಡಿಸಿಕೊಂಡ ಸರಕಿನ ಪಟ್ಟಿಗೆ ಅಧಿಕಾರಿ ಸಹಿ ಹಾಕಿ ಕೊಡಬೇಕೆಂದೂ, ಕೊಳೆಯುವ ಸರಕನ್ನು ಕೇಳಿದ ದಿನವೇ, ಉಳಿದುದನ್ನು ಎರಡು ಕೆಲಸದ ದಿನಗಳೊಳಗೆ ಮರಳಿಸಬೇಕೆಂದೂ ಅದು ಹೇಳುತ್ತದೆ. ಟೊಮೆಟೊ ಬುಟ್ಟಿ ಬಿಡಿಸಿಕೊಳ್ಳಲು ನೂರಿನ್ನೂರು ತೆರುವ ಮಹಿಳೆಗೆ ಈ ಕಲಂ ತಿಳಿದಿರುವ ಸಂಭವ ಕಡಿಮೆ. ಸಮಿತಿಯಲ್ಲಿ ಕುಳಿತ ಸಂಸ್ಥೆಗಳು ಸಭೆಯ ಚಹಾ ಮುಗಿಸಿ ಎದ್ದುಬರದೆ, ಆ ಪಟ್ಟಿ ಕೊಡಲಾಯಿತೇ ಎಂದು ಪ್ರತಿ ಸಭೆಯಲ್ಲೂ ಕೇಳಿ ನಡಾವಳಿಯಲ್ಲಿ ಬರೆಸಬೇಕು.

ವ್ಯಾಪಾರಿಗಳಾದ ನಮ್ಮ ಕಡೆಯ ಒಂದು ಮಾತನ್ನೂ ಮುಚ್ಚಿಡಬಾರದು. ಎಲ್ಲ ಮಾಮೂಲೂ ಬಲವಂತದ್ದಲ್ಲ. ಕಾಲುದಾರಿಯ ಮೇಲೆ ಸರಕು ಚಾಚಿಕೊಂಡವರು, ಅಗ್ನಿಶಾಮಕ ಸಲಕರಣೆ ಇಡದವರು, ಪರವಾನಗಿಯನ್ನೇ ಪಡೆಯದವರು ತಮ್ಮ ಲೋಪ ಮುಚ್ಚಿಕೊಳ್ಳಲು ತಾವಾಗಿಯೇ ಹಣ ಕೊಡುತ್ತಾರೆ. ಕೆಲವು ಕಡೆ ಸಂಘದ ಪದಾಧಿಕಾರಿಗಳೇ ಹಬ್ಬದ ವಂತಿಗೆಯಂತೆ ಅಂಗಡಿಗಳಿಂದ ಹಣ ಕೂಡಿಸಿ ತಲುಪಿಸುವುದನ್ನು ಸೇವೆ ಎಂದು ಭಾವಿಸಿದ್ದಾರೆ. ಅಂಥ ಸಂಘದೊಡನೆ ಕೈಜೋಡಿಸುವ ಮೊದಲು ನಾಗರಿಕ ವೇದಿಕೆಗಳು ಅದರ ಲೆಕ್ಕಪತ್ರ ಕೇಳುವುದು ಒಳ್ಳೆಯದು. ಹಾಗೆಯೇ ಸಹಯೋಗದ ಮೊದಲ ಕೆಲಸ ಸದಸ್ಯರ ಕಾಗದಪತ್ರ ಸರಿಪಡಿಸುವುದಾಗಿರಬೇಕು. ಅರ್ಜಿ ಕೊಟ್ಟಾಗ ತಪ್ಪದೆ ಸ್ವೀಕೃತಿ ಪಡೆಯುವುದು, ನಿಗದಿತ ಅವಧಿಯೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ ‘ಸಕಾಲ’ ಕಾಯ್ದೆಯ ವ್ಯಾಪ್ತಿಯಲ್ಲಿರುವ ಸೇವೆಯಾದರೆ ಅವಧಿ ಮೀರಿದ ಮರುದಿನವೇ ಮೇಲ್ಮನವಿ ಸಲ್ಲಿಸುವುದು ಅಭ್ಯಾಸವಾಗಬೇಕು. ಆ ಕಾಯ್ದೆಯಡಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದ ಪರಿಹಾರ ಸಣ್ಣದೇ ಇರಬಹುದು; ಆದರೆ ಅದನ್ನು ಕೊನೆಗೆ ತೆರಬೇಕಾದವರು ವಿಳಂಬಕ್ಕೆ ಹೊಣೆಯಾದ ನೌಕರರು.

ಲೋಕಾಯುಕ್ತ ಅಧಿಕಾರಿಗಳು ತಾಲ್ಲೂಕು ಕೇಂದ್ರಗಳಲ್ಲಿ ನಡೆಸುವ ಅಹವಾಲು ಸ್ವೀಕಾರ ಸಭೆಗಳು ಸಾಮಾನ್ಯವಾಗಿ ಕೆಲಸದ ದಿನ, ಸರ್ಕಾರಿ ಸಭಾಂಗಣದಲ್ಲಿ, ಇಲಾಖಾಧಿಕಾರಿಗಳು ಸಾಲಾಗಿ ಕುಳಿತಿರುವಾಗ ನಡೆಯುತ್ತವೆ. ವಾರಕ್ಕೊಮ್ಮೆ ಪೇಟೆಗೆ ರಜೆ ಇರುವ ದಿನ, ವರ್ತಕರ ಸಂಘ ಹಾಗೂ ನಾಗರಿಕ ವೇದಿಕೆಗಳಿಗೆ ಮುಂಚಿತವಾಗಿ ತಿಳಿಸಿ, ಪೇಟೆಯಲ್ಲಿಯೇ ಅಂಥದೊಂದು ಸಭೆ ನಡೆಸುವಂತೆ ಲೋಕಾಯುಕ್ತರನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ದಿನಸಿ ವ್ಯಾಪಾರಿ