ಆಲಿಸ್‌ಗೆ ಆ ಗಂಟೆ ಕೇಳಿಸಿಲ್ಲ: ಯುವ ಬರಹಗಾರ್ತಿಗೊಂದು ಪತ್ರ

ಪ್ರೀತಿಯ ತಂಗೀ,

ನಿನ್ನ ಹಸ್ತಪ್ರತಿಯನ್ನು ಹರಿದು ಹಾಕಬೇಡ. ನಿನ್ನ ಪತ್ರದ ಕೊನೆಯ ಸಾಲಿಗೇ ಮೊದಲು ಉತ್ತರ ಕೊಡುತ್ತಿದ್ದೇನೆ, ಉಳಿದದ್ದನ್ನು ಓದುವಷ್ಟಾದರೂ ನಿನಗೆ ನೆಮ್ಮದಿ ಸಿಗಲಿ ಎಂದು. ಗ್ರೀಸಿನ ರಾಜಮನೆತನದ ಸೊಸೆ, ಬ್ರಿಟನ್ನಿನ ಎರಡನೇ ಎಲಿಜಬೆತ್ ರಾಣಿಯ ಅತ್ತೆ, ಬ್ಯಾಟನ್‌ಬರ್ಗ್‌ನ ಆಲಿಸ್ ಬಗ್ಗೆ ಕನ್ನಡದಲ್ಲಿ 212 ಪುಟ ಬರೆಯುವ ಹಟ ಸುಮ್ಮನೆ ಬರುವಂಥದ್ದಲ್ಲ. ಇಬ್ಬರು ‘ಬಹಳ ಚೆನ್ನಾಗಿದೆ’ ಎಂದರು, ಒಬ್ಬರು ಏನೂ ಹೇಳದೆ ಹಿಂದಿರುಗಿಸಿದರು, ಅದರಿಂದಲೇ ಕುಸಿದುಹೋದೆ ಎಂದು ಬರೆದಿದ್ದೀಯ. ಹೊಗಳಿದ ಆ ಇಬ್ಬರ ಮೇಲೆಯೇ ನನಗೆ ಬೇಸರ. ನಾನು ಈಗ ಹೇಳಹೊರಟಿರುವುದನ್ನು ಅವರು ಹೇಳಬೇಕಿತ್ತು.

ಅಧ್ಯಾಯಗಳನ್ನು ಹೇಗೆ ವಿಂಗಡಿಸಲಿ, ವಿದೇಶಿ ಹೆಸರುಗಳನ್ನು ಹೇಗೆ ಬರೆಯಲಿ ಎಂದು ಕೇಳಿದ್ದೀಯ. ಅದನ್ನೆಲ್ಲ ಕರಡು ತಿದ್ದುವವರಿಗೆ ಬಿಡು. ಎರಡನ್ನು ಮಾತ್ರ ಈಗಲೇ ಸರಿಮಾಡಿಕೋ. ಗ್ರೀಸ್ 1923ರವರೆಗೆ ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿತ್ತು, ಅದಕ್ಕೂ ನಾವು ಬಳಸುವ ಕ್ಯಾಲೆಂಡರಿಗೂ ಇಪ್ಪತ್ತನೇ ಶತಮಾನದಲ್ಲಿ ವ್ಯತ್ಯಾಸ 13 ದಿನ. ಮಗ ಫಿಲಿಪ್ ಹುಟ್ಟಿದ್ದು ಒಂದು ಪುಟದಲ್ಲಿ 1921ರ ಮೇ 28, ಇನ್ನೊಂದರಲ್ಲಿ ಜೂನ್ 10. ಎರಡೂ ಒಂದೇ ದಿನ, ಆದರೆ ಓದುಗರಿಗೆ ಅದು ಗೊತ್ತಾಗಬೇಡವೇ? ಒಂದು ಪದ್ಧತಿ ಹಿಡಿ, ಮೊದಲಲ್ಲೇ ಹೇಳಿಬಿಡು. ಎರಡನೆಯದು, ಆಲಿಸ್ ರಾಜನ ಮಗಳಲ್ಲ. ತಂದೆ ಲೂಯಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ಅವರ ತಂದೆ, ಜರ್ಮನಿಯ ಹೆಸ್ಸೆ ರಾಜಮನೆತನದ ಅಲೆಕ್ಸಾಂಡರ್, 1851ರಲ್ಲಿ ಅಂತಸ್ತಿಗೆ ಕಡಿಮೆ ಎಂದು ಎಣಿಸಲಾದ ಮನೆತನದ ಹೆಣ್ಣನ್ನು ಮದುವೆಯಾದದ್ದರಿಂದ ಆ ಸಂತತಿಗೆ ಹೆಸ್ಸೆಯ ಸಿಂಹಾಸನದ ಹಕ್ಕು ಇಲ್ಲವಾಗಿ, ಬ್ಯಾಟನ್‌ಬರ್ಗ್ ಎಂಬ ಬೇರೆ ಹೆಸರು ಬಂತು. ‘ರಾಜಕುಮಾರಿ’ ಎಂಬ ನಮ್ಮ ಮಾತು ಆಕೆಯ ಮೈಗೆ ಸ್ವಲ್ಪ ಸಡಿಲ. ಬಳಸು, ಆದರೆ ತಿಳಿದು ಬಳಸು.

ಇನ್ನು ನಿಜವಾದ ಮಾತಿಗೆ ಬರುತ್ತೇನೆ.

ಮೂರನೇ ಪುಟದಲ್ಲಿ ಸರಿಯಾಗಿಯೇ ಬರೆದಿದ್ದೀಯ: 1885ರ ಫೆಬ್ರವರಿ 25ರಂದು ವಿಂಡ್ಸರ್ ಕೋಟೆಯಲ್ಲಿ, ಮುತ್ತಜ್ಜಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಜನನ; ಮಾತು ತಡವಾದಾಗ ತಂದೆಯ ತಾಯಿ ಅನುಮಾನಪಟ್ಟು ಕಿವಿಯ ವೈದ್ಯರಿಗೆ ತೋರಿಸಿದ್ದು; ಹುಟ್ಟಿನಿಂದಲೇ ಕಿವಿ ಕೇಳಿಸದು ಎಂದು ತಿಳಿದದ್ದು; ಇಂಗ್ಲಿಷ್, ಜರ್ಮನ್ ಎರಡರಲ್ಲೂ ಮಾತಾಡಲು, ತುಟಿ ಓದಲು ಕಲಿತದ್ದು. ಹನ್ನೊಂದನೇ ಪುಟಕ್ಕೆ ಬರುವಷ್ಟರಲ್ಲಿ ಆಕೆಗೆ ಕುದುರೆಯ ಗೊರಸಿನ ಸದ್ದು ಕೇಳಿಸುತ್ತದೆ! ನಲವತ್ತೇಳರಲ್ಲಿ ‘ದೂರದ ಚರ್ಚಿನ ಗಂಟೆ ಕೇಳಿ ಬೆಚ್ಚಿದಳು’. ನಾನು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದೆ, 41 ಕಡೆ ಸಿಕ್ಕಿತು. ನಿನ್ನ ಆಲಿಸ್ ಮೂರನೇ ಪುಟದಲ್ಲಿ ಮಾತ್ರ ಕಿವುಡಿ.

ನಿನ್ನೊಬ್ಬಳದೇ ತಪ್ಪಲ್ಲ, ಇದರಲ್ಲಿ ನಮ್ಮ ಭಾಷೆಯದೂ ಪಾಲಿದೆ. ಕನ್ನಡದ ಕಥನ ಕಿವಿಯ ಮೇಲೆ ನಿಂತಿದೆ. ಬಾಗಿಲು ಕಿರ್ರೆನ್ನುತ್ತದೆ, ಪಾತ್ರೆ ಢಣ್ಣೆನ್ನುತ್ತದೆ, ಜನ ಗುಸುಗುಸು ಅನ್ನುತ್ತಾರೆ. ‘ಕೇಳಿದಳು’ ಎಂಬ ಒಂದೇ ಮಾತು ಪ್ರಶ್ನಿಸಿದ್ದಕ್ಕೂ ಬಂತು, ಕಿವಿಗೊಟ್ಟದ್ದಕ್ಕೂ ಬಂತು. ‘ಸುದ್ದಿ ಕೇಳಿ ಅತ್ತಳು’ ಎಂದು ಕೈ ತಾನೇ ಬರೆದುಬಿಡುತ್ತದೆ. ಮೇಲಾಗಿ ಆಕೆಯ ಹೆಸರೇ ನಮ್ಮ ‘ಆಲಿಸು’ವಿನೊಳಗೆ ಕೂತಿದೆ. ‘ಆಲಿಸ್ ಆಲಿಸಿದಳು’ ಎಂದು ನೀನು ಪ್ರಾಸಕ್ಕಾಗಿ ಮೂರು ಕಡೆ ಬರೆದಿದ್ದೀಯ. ಆ ಮೂರನ್ನೂ ಇವತ್ತೇ ಹೊಡೆದುಹಾಕು.

ಒಂದು ಕೆಲಸ ಮಾಡು. ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ ‘ಪರ, ಬರ, ಮರ’ ಎನ್ನು. ಮೂರೂ ಒಂದೇ ತುಟಿ. ‘ಕಲ್ಲು, ಹಲ್ಲು’ ಎನ್ನು. ಮೊದಲ ಅಕ್ಷರ ಬಾಯೊಳಗೇ ಹುಟ್ಟಿ ಅಲ್ಲೇ ಉಳಿಯುತ್ತದೆ, ಹೊರಗೆ ಕಾಣುವುದಿಲ್ಲ. ಜರ್ಮನ್‌ನಲ್ಲಿ ತಾಯಿ ‘ಮುಟರ್’, ಬೆಣ್ಣೆ ‘ಬುಟರ್’. ತುಟಿಗೆ ಎರಡೂ ಒಂದೇ. ಅಂದರೆ ತುಟಿ ಓದುವವರು ಅಕ್ಷರ ಓದುವುದಿಲ್ಲ. ಅರ್ಧ ಕಂಡು, ಉಳಿದರ್ಧವನ್ನು ಸಂದರ್ಭದಿಂದ ಊಹಿಸುತ್ತಾರೆ. ಮಾತಿನ ವಿಷಯ ಬದಲಾದ ಕೂಡಲೇ ಊಹೆಗೆ ಆಧಾರ ತಪ್ಪುತ್ತದೆ, ಹೊಸ ವಿಷಯದ ಮೊದಲ ವಾಕ್ಯವೇ ಎಲ್ಲಕ್ಕಿಂತ ಕಷ್ಟ. ಮಾತಾಡುವವರ ಮುಖದ ಮೇಲೆ ಬೆಳಕು ಬೀಳಬೇಕು. ಕಿಟಕಿ ಅವರ ಬೆನ್ನಿಗಿದ್ದರೆ ಮುಖ ಬರೀ ನೆರಳು. ಒಂದೆರಡು ಮೀಟರ್ ದೂರ, ಎದುರಾಬದುರು. ಅವರು ತಲೆ ತಿರುಗಿಸಿದರೆ ಮಾತು ಅಲ್ಲಿಗೆ ನಿಂತಿತು. ಗುಂಪಿನಲ್ಲಿ ಯಾರು ಮಾತಾಡುತ್ತಿದ್ದಾರೆ ಎಂದು ಕಣ್ಣು ಹುಡುಕುವಷ್ಟರಲ್ಲಿ ಅರ್ಧ ವಾಕ್ಯ ಹೋಗಿರುತ್ತದೆ. ತಟ್ಟೆ ನೋಡಿ ಊಟ ಮಾಡಿದರೆ ಮಾತಿಲ್ಲ, ಮಾತು ಬೇಕಾದರೆ ತಟ್ಟೆ ನೋಡುವಂತಿಲ್ಲ. ಸಂಜೆಯಾದಂತೆ ಕಣ್ಣು ಸೋಲುತ್ತದೆ. ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ನಿನ್ನ ಅರಮನೆಯ ಔತಣದ ಅಧ್ಯಾಯ ಮತ್ತೆ ಓದು. ಆ ಮೇಣದಬತ್ತಿಗಳ ಸಾಲು, ಮೇಜಿನ ನಡುವಿನ ಹೂಗಳ ರಾಶಿ, ಗಡ್ಡ ಮೀಸೆಯ ಗಂಡಸರು. ನೀನು ಚೆಲುವಿಗಾಗಿ ಇಟ್ಟದ್ದೆಲ್ಲ ಆಕೆಗೆ ಅಡ್ಡಗೋಡೆ.

ಮದುವೆಯ ಪುಟಗಳನ್ನು ಓದುವಾಗ ನನಗೆ ಸಿಟ್ಟೇ ಬಂತು, ಮುಚ್ಚಿಡುವುದಿಲ್ಲ. 1903ರ ಅಕ್ಟೋಬರ್ 6ರಂದು ಡಾರ್ಮ್‌ಸ್ಟಾಟ್‌ನಲ್ಲಿ ಗ್ರೀಸಿನ ರಾಜಕುಮಾರ ಆಂಡ್ರ್ಯೂ ಜೊತೆ ಕಾನೂನಿನ ಮದುವೆ; ಮರುದಿನ ಒಮ್ಮೆ ಲೂಥರನ್ ವಿಧಿ, ಒಮ್ಮೆ ಮಟಿಲ್ಡನ್‌ಹೋಯ ರಷ್ಯನ್ ಚಾಪೆಲ್‌ನಲ್ಲಿ ಆರ್ಥೊಡಾಕ್ಸ್ ವಿಧಿ. ಆಕೆಗಾಗ ಹದಿನೆಂಟು. ‘ಪುರೋಹಿತರ ಗಂಭೀರ ಧ್ವನಿ ಅವಳೆದೆಯಲ್ಲಿ ಮೊಳಗಿತು’ ಎಂದು ಬರೆದಿದ್ದೀಯ. ಮೊಳಗಲಿಲ್ಲ, ತಂಗೀ. ರಷ್ಯನ್ ವಿಧಿಯಲ್ಲಿ ವಧುವಿಗೆ ಎರಡು ಪ್ರಶ್ನೆಗಳಿರುತ್ತವೆ: ಸ್ವಂತ ಇಚ್ಛೆಯಿಂದ ಮದುವೆಯಾಗುತ್ತಿದ್ದೀಯಾ? ಬೇರೆ ಯಾರಿಗಾದರೂ ಮಾತು ಕೊಟ್ಟಿದ್ದೀಯಾ? ಪಾದ್ರಿಯ ದಟ್ಟ ಗಡ್ಡದಲ್ಲಿ ತುಟಿ ಕಾಣದೆ ಆಕೆ ಮೊದಲನೆಯದಕ್ಕೆ ಇಲ್ಲ ಎಂದೂ ಎರಡನೆಯದಕ್ಕೆ ಹೌದು ಎಂದೂ ಉತ್ತರಿಸಿದಳು ಎಂಬ ಪ್ರಸಂಗ ಬಂಧುಬಳಗದಲ್ಲಿ ಉಳಿದುಬಂದಿದೆ. ಅವರು ಅದನ್ನು ನಗುತ್ತ ಹೇಳಿಕೊಂಡರು. ಆಕೆಯ ಘನತೆಗೆ ಕುಂದು ಎಂದು ನೀನು ಬಿಟ್ಟುಬಿಟ್ಟೆ. ಎರಡೂ ಬೇಡ. ಆಕೆ ನಿಂತ ಜಾಗದಲ್ಲಿ ನಿಂತು ಬರೆ: ಎದುರಿಗೆ ಅಲುಗಾಡುವ ಗಡ್ಡ, ಅದು ನಿಂತಿತು, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ಅಂದರೆ ಈಗ ಏನೋ ಹೇಳಬೇಕು. ಆ ಒಂದು ಕ್ಷಣ ನಿನ್ನ ಇಡೀ ಪುಸ್ತಕದ ಬೀಗದ ಕೈ.

ಹೀಗೆ ಬರೆಯದವರ ಮೇಲೆ ನನಗೆ ಹಳೆಯ ಕೋಪವಿದೆ. ನಮ್ಮಲ್ಲಿ ಎಷ್ಟೋ ಜೀವನಚರಿತ್ರೆಗಳು ಸ್ತೋತ್ರವಾಗಿ ಶುರುವಾಗಿ ಸ್ತೋತ್ರವಾಗಿಯೇ ಮುಗಿಯುತ್ತವೆ. ಅಂಗವೈಕಲ್ಯ ಇದ್ದವರಾದರಂತೂ ಒಂದು ಪುಟ ‘ಪಾಪ’, ಮುಂದಿನದೆಲ್ಲ ‘ದೇವತೆ’. ನಡುವಿನ ಮನುಷ್ಯಳು ಎಲ್ಲಿ ಹೋದಳು?

1912ರ ಬಾಲ್ಕನ್ ಯುದ್ಧದ ಅಧ್ಯಾಯ ನಿನ್ನ ಕೈಯಲ್ಲಿ ಬಹಳ ಮಟ್ಟಿಗೆ ಬದುಕಿದೆ. ಆಕೆ ಯುದ್ಧಭೂಮಿಯ ಆಸ್ಪತ್ರೆಗಳನ್ನು ಕಟ್ಟಿದ್ದು, ಶಸ್ತ್ರಚಿಕಿತ್ಸೆಗಳಲ್ಲಿ ನೆರವಾದದ್ದು, 1913ರಲ್ಲಿ ಬ್ರಿಟನ್ನಿನ ದೊರೆ ಐದನೇ ಜಾರ್ಜ್ ಶುಶ್ರೂಷೆಗಾಗಿ ಕೊಟ್ಟ ರಾಯಲ್ ರೆಡ್ ಕ್ರಾಸ್ ಪದಕ, ಎಲ್ಲ ಸರಿ. ‘ನರಳಾಟ ಕೇಳಿ ಕರುಳು ಕಿವುಚಿತು’ ತೆಗೆ. ಆಕೆಗೆ ಕಂಡದ್ದು ಬಿಗಿದ ದವಡೆ, ಬಿರುಕುಬಿಟ್ಟ ತುಟಿ. ಮದುವೆಯ ಹೊತ್ತಿಗೆ ಕಲಿಯತೊಡಗಿದ ಗ್ರೀಕ್ ಅದು. ಕ್ಷೌರವಿಲ್ಲದ, ನೋವಿನಲ್ಲಿ ಬಾಯಿ ಸರಿಯಾಗಿ ತೆರೆಯಲಾರದ ಹಳ್ಳಿಯ ಸೈನಿಕನ ಬಾಯಲ್ಲಿ ಅದನ್ನು ಓದಬೇಕು. ಶಸ್ತ್ರಚಿಕಿತ್ಸೆಯ ವೇಳೆ ಬಾಯಿಗೆ ಬಟ್ಟೆ ಕಟ್ಟುವ ಪದ್ಧತಿ ಆಗಿನ್ನೂ ಎಲ್ಲ ಕಡೆ ಬಂದಿರಲಿಲ್ಲ. ಕಟ್ಟಿದ ವೈದ್ಯ ಆಕೆಯ ಪಾಲಿಗೆ ಮೂಕ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ಕೋಣೆಯಲ್ಲಿ ಆಕೆಯ ಕಣ್ಣು ಎಲ್ಲೆಲ್ಲಿ ಓಡುತ್ತಿತ್ತು ಎಂದು ನಿನಗೇ ತಿಳಿಯುತ್ತದೆ.

1922ರ ಡಿಸೆಂಬರಿನಲ್ಲಿ ಕುಟುಂಬ ಗ್ರೀಸ್ ಬಿಟ್ಟು ಹೋಗಬೇಕಾದ ದೇಶಭ್ರಷ್ಟತೆ, ಕ್ಯಾಲಿಪ್ಸೊ ಎಂಬ ಬ್ರಿಟಿಷ್ ಯುದ್ಧನೌಕೆ, ಒಂದೂವರೆ ವರ್ಷದ ಫಿಲಿಪ್ ಮಲಗಿದ ಕಿತ್ತಳೆ ಪೆಟ್ಟಿಗೆ, ಇವಕ್ಕೆ ಹದಿನಾಲ್ಕು ಪುಟ ಕೊಟ್ಟಿದ್ದೀಯ. ಆ ಪೆಟ್ಟಿಗೆಯನ್ನು ಎಲ್ಲರೂ ಬರೆದಾಗಿದೆ. ಒಂದು ಪ್ಯಾರಾ ಸಾಕು.

ಉಳಿಸಿದ ಪುಟಗಳನ್ನು 1930ಕ್ಕೆ ಕೊಡು. ಅಲ್ಲಿ ನೀನು ಅವಸರಪಟ್ಟಿದ್ದೀಯ. ‘ಹುಚ್ಚು ಹಿಡಿಯಿತು, ಧ್ವನಿಗಳು ಕೇಳತೊಡಗಿದವು’ ಎಂಬ ವಾಕ್ಯ ಅಚ್ಚಿಗೆ ಹೋಗಕೂಡದು. ತನಗೆ ದೈವಿಕ ಸಂದೇಶ ಬರುತ್ತಿದೆ, ರೋಗ ಗುಣಪಡಿಸುವ ಶಕ್ತಿ ಇದೆ ಎಂದು ಆಕೆ ನಂಬಿದ್ದಳು; ವೈದ್ಯರು ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾ, ಅಂದರೆ ಭ್ರಮೆಗಳು ಕಾಡುವ ತೀವ್ರ ಮನೋರೋಗ ಎಂದರು. ಬರ್ಲಿನ್ನಿನ ಟೇಗಲ್‌ನಲ್ಲಿ ಅರ್ನ್‌ಸ್ಟ್ ಸಿಮ್ಮೆಲ್ ಅವರ ಮನೋವಿಶ್ಲೇಷಣೆಯ ಆಸ್ಪತ್ರೆ. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಅವರ ಸಲಹೆಯಂತೆ ಮುಟ್ಟು ಬೇಗ ನಿಲ್ಲಲೆಂದು ಅಂಡಾಶಯಕ್ಕೆ ಎಕ್ಸ್‌ರೇ. ಮೇ ತಿಂಗಳಲ್ಲಿ ಇಚ್ಛೆಗೆ ವಿರುದ್ಧವಾಗಿ ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗನ್‌ಗೆ, ಮನೋವೈದ್ಯ ಬಿನ್ಸ್‌ವಾಂಗರ್ ಅವರ ಆರೋಗ್ಯಧಾಮಕ್ಕೆ ಸಾಗಿಸಿದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ. ಅಷ್ಟರಲ್ಲಿ ನಾಲ್ಕೂ ಹೆಣ್ಣುಮಕ್ಕಳ ಮದುವೆ ಮುಗಿಯಿತು, ಒಂದಕ್ಕೂ ಆಕೆ ಇರಲಿಲ್ಲ. ಈಗ ನೋಡು: ಮನೋವಿಶ್ಲೇಷಣೆಯ ರೂಢಿಯಲ್ಲಿ ರೋಗಿ ಮಲಗಿರಬೇಕು, ವೈದ್ಯ ತಲೆಯ ಹಿಂದೆ ಕೂರಬೇಕು. ತುಟಿ ಕಾಣದ ವೈದ್ಯನಿಂದ ಈಕೆಗೆ ಏನು ಚಿಕಿತ್ಸೆ? ಅಧ್ಯಾಯ ಈ ಪ್ರಶ್ನೆಯಿಂದಲೇ ಶುರುವಾಗಲಿ. ನೀನು ಉದ್ಧರಿಸಿರುವ ಟಿಪ್ಪಣಿಗಳೆಲ್ಲ ಆಕೆಯನ್ನು ಕೂಡಿಹಾಕಿದವರ ಕೈಬರಹ ಎಂಬುದನ್ನೂ ಓದುಗರಿಗೆ ಪ್ರತಿ ಬಾರಿ ನೆನಪಿಸು.

ಹೀಗೆಲ್ಲ ಕಟ್ಟಿದರೆ ಅಥೆನ್ಸಿನ ಪುಟ ತಾನಾಗಿ ನಿಲ್ಲುತ್ತದೆ. ಎರಡನೇ ಮಹಾಯುದ್ಧ, ಗ್ರೀಸಿನಲ್ಲಿ ಜರ್ಮನ್ ಆಕ್ರಮಣದ ಕಾಲ. 1943ರಿಂದ ರಾಖೆಲ್ ಕೊಹೆನ್ ಎಂಬ ಯಹೂದಿ ತಾಯಿಯನ್ನೂ ಆಕೆಯ ಇಬ್ಬರು ಮಕ್ಕಳನ್ನೂ ಆಲಿಸ್ ತನ್ನ ಮನೆಯಲ್ಲಿ ಬಚ್ಚಿಟ್ಟದ್ದು. ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಪ್ರಶ್ನಿಸಿದಾಗ ತನಗೇನೂ ಅರ್ಥವಾಗುತ್ತಿಲ್ಲ ಎಂಬಂತೆ ಕೂತದ್ದು. ನೀನು ಅಲ್ಲಿ ‘ಚಾಣಾಕ್ಷ’, ‘ವೀರ’, ‘ಅಪ್ರತಿಮ’ ಎಂದು ಮೂರು ವಿಶೇಷಣ ಪೇರಿಸಿದ್ದೀಯ. ಆಕೆಗೆ ಜರ್ಮನ್ ತುಟಿಗಳು ಬಾಲ್ಯದಿಂದ ಗೊತ್ತು ಎಂಬುದು ಓದುಗರಿಗೆ ಆ ಹೊತ್ತಿಗೆ ತಿಳಿದಿದ್ದರೆ ಒಂದೂ ಬೇಡ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಅನುಮತಿ ಕೇಳಿ ಅಲ್ಲಿನ ತಜ್ಞರ ಹತ್ತಿರ ಒಂದು ದಿನ ಕೂತು ಬಾ. ಅದಕ್ಕೂ ಮೊದಲು, ಕಿವಿ ಕೇಳಿಸದ ಯಾರಾದರೂ ಒಬ್ಬರಿಗೆ ಈ ಹಸ್ತಪ್ರತಿ ಕೊಟ್ಟು ಓದಿಸು. ಅವರು ಹಾಕುವ ಗುರುತು ನನ್ನ ನಲವತ್ತೊಂದಕ್ಕಿಂತ ಹೆಚ್ಚಾಗಬಹುದು, ಎದೆಗುಂದಬೇಡ.

ಇಡೀ ಪುಸ್ತಕ ಈಗಲೇ ತಿದ್ದಬೇಡ. ಚಾಪೆಲ್‌ನ ದೃಶ್ಯ ಒಂದನ್ನೇ, ಒಂದು ಪುಟದಲ್ಲಿ, ಒಂದೂ ಸದ್ದಿಲ್ಲದೆ ಬರೆದು ಕಳಿಸು. ಮೇಣದಬತ್ತಿ ಯಾವ ಕಡೆ ಇತ್ತು ಎಂಬುದು ಅದರಲ್ಲಿ ನನಗೆ ಕಾಣಬೇಕು.

ಪ್ರೀತಿಯಿಂದ,
ನಿನ್ನ ಅಕ್ಕ