ಹಸಿ ಗಿಡದ ತೂಕ, ಒಣ ಗಾಂಜಾದ ಲೆಕ್ಕ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತಿದ್ದಂತೆ ಶಿವಮೊಗ್ಗ ಜಿಲ್ಲೆಯ ಸುದ್ದಿಪುಟಗಳಲ್ಲಿ ಶುಂಠಿ, ಮೆಕ್ಕೆಜೋಳದ ನಡುವೆ ಬೆಳೆದ ಗಾಂಜಾ ಗಿಡಗಳನ್ನು ವಶಪಡಿಸಿಕೊಂಡ ವರದಿಗಳು ಬರತೊಡಗುತ್ತವೆ. ಇಷ್ಟು ಕೆ.ಜಿ., ಇಷ್ಟು ಲಕ್ಷ ರೂಪಾಯಿ ಮೌಲ್ಯ ಎಂದಿರುತ್ತದೆಯೇ ಹೊರತು, ಆ ತೂಕ ಹಸಿಯದೋ ಒಣಗಿದ್ದೋ, ಬೇರುಸಹಿತವೋ ಹೂಗೊಂಚಲಿನದು ಮಾತ್ರವೋ ಎಂಬುದು ಹೆಚ್ಚಿನವುಗಳಲ್ಲಿ ಇರುವುದಿಲ್ಲ.

ಅಡಿಕೆ ಸೀಮೆಯವರಿಗೆ ಈ ವ್ಯತ್ಯಾಸವನ್ನು ಹೇಳಿಕೊಡಬೇಕಿಲ್ಲ. ಚೇಣಿ ಹಿಡಿಯುವವರು (ತೋಟದ ಫಸಲನ್ನು ಗುತ್ತಿಗೆಗೆ ಪಡೆಯುವವರು) ಮರದ ಬುಡದಲ್ಲಿ ನಿಂತು ಗೊನೆ ನೋಡಿಯೇ ಫಸಲನ್ನು ಅಂದಾಜು ಮಾಡುತ್ತಾರಾದರೂ, ಮಾತುಕತೆ ಕುದುರುವುದು ಕ್ವಿಂಟಲ್ ಹಸಿ ಅಡಿಕೆಗೆ 12 ಕೆ.ಜಿ.ಯೋ 13 ಕೆ.ಜಿ.ಯೋ ಒಣ ಅಡಿಕೆ ಎಂಬ ಲೆಕ್ಕದ ಮೇಲೆ. ಹಸಿ ತೂಕಕ್ಕೆ ಒಣಗಿಸಿದ ರಾಶಿ ಅಡಿಕೆಯ ಧಾರಣೆ ಕಟ್ಟಿದರೆ ಮಂಡಿಯಲ್ಲಿ ನಕ್ಕಾರು. ಗಾಂಜಾದ ವಿಷಯದಲ್ಲಿ ಮಾತ್ರ ಅದನ್ನೇ ಮಾಡಿ ಲಕ್ಷಗಳ ಮೌಲ್ಯ ಹೇಳಲಾಗುತ್ತದೆ.

ಕೆಲವು ವರ್ಷಗಳ ಹಿಂದೆ ಇಂಥದೊಂದು ಮಹಜರಿಗೆ ನಾನು ಪಂಚನಾಗಿ, ಅಂದರೆ ಸಾಕ್ಷಿಯಾಗಿ, ಹೋಗಿದ್ದೆ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಕಿತ್ತ ಗಿಡಗಳ ಬೇರಿಗೆ ಅಂಟಿದ್ದ ಕೆಮ್ಮಣ್ಣನ್ನೂ ಕೊಡವದೆ, ಗೊಬ್ಬರದ ಚೀಲಕ್ಕೆ ತುರುಕಿ ಕೊಕ್ಕೆ ತಕ್ಕಡಿಗೆ ನೇತುಹಾಕಿದರು. ಮುಳ್ಳು 22ರ ಹತ್ತಿರ ನಿಂತಿತು. ನಾಲ್ಕಾರು ಗಿಡಗಳಿಗೆ ಇನ್ನೂ ಹೂವೇ ಬಂದಿರಲಿಲ್ಲ. ಬರೆದದ್ದು 22 ಕೆ.ಜಿ. ಗಾಂಜಾ ಎಂದು, ನಾನೂ ರುಜು ಹಾಕಿ ಬಂದೆ.

1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆ ಗಾಂಜಾ ಎಂದು ಕರೆಯುವುದು ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು. ಆ ತುದಿಗಳ ಜೊತೆಗಿಲ್ಲದ ಬೀಜ ಮತ್ತು ಎಲೆ ವ್ಯಾಖ್ಯೆಯಿಂದ ಹೊರಗೆ. 1 ಕೆ.ಜಿ.ವರೆಗೆ ಅಲ್ಪ ಪ್ರಮಾಣ, 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ. ಈ ಎರಡನೆಯದರಲ್ಲಿ ಶಿಕ್ಷೆ 10 ವರ್ಷಕ್ಕೆ ಕಡಿಮೆಯಿಲ್ಲ, ಜಾಮೀನೂ ಸುಲಭವಲ್ಲ. ಹಸಿ ಹೂಗೊಂಚಲು ಒಣಗಿದ ಮೇಲೆ ಉಳಿಯುವುದು ಸುಮಾರು ನಾಲ್ಕರಲ್ಲೊಂದು ಅಥವಾ ಐದರಲ್ಲೊಂದು ಪಾಲು. ಅಂದಮೇಲೆ ಆ ಚೀಲದಲ್ಲಿ ಮಣ್ಣು, ಬೇರು, ಕಾಂಡ ಏನೂ ಇರದೆ ಬರೀ ಗೊಂಚಲೇ ಇತ್ತೆಂದುಕೊಂಡರೂ ಒಣ ತೂಕ 5 ಕೆ.ಜಿ.ಯ ಆಸುಪಾಸು. ಜಾಮೀನು ಅರ್ಜಿಗಳಲ್ಲಿ ವಕೀಲರು ಎತ್ತುವುದೂ ಇದೇ ಪ್ರಶ್ನೆಯನ್ನು.

ಗಿಡ ಎಣಿಸಿ, ಗಿಡಕ್ಕಿಷ್ಟು ಎಂದು ಗುಣಿಸುವುದೂ ಸರಿಯಲ್ಲ. ತೋಟದ ನೆರಳಿನಲ್ಲಿ ಸೊರಗಿದ ಗಿಡಕ್ಕೂ ಬಯಲಿನ ಜೋಳದ ಹೊಲದಲ್ಲಿ ಆಳೆತ್ತರ ಬೆಳೆದದ್ದಕ್ಕೂ ಹೋಲಿಕೆಯಿಲ್ಲ; ಗಂಡು ಗಿಡದಿಂದ ಅಂಥ ಗೊಂಚಲು ಸಿಗುವುದಿಲ್ಲ; ಹೂ ಬಿಟ್ಟ ಹೊತ್ತಿಗೆ ಹಿಂಗಾರು ಹಿಡಿದರೆ ಗೊಂಚಲು ಬೂಸ್ಟು ಬಂದು ಕೊಳೆಯುವುದೂ ಉಂಟು.

ಬೆಳೆದವರ ಪರ ವಕಾಲತ್ತು ವಹಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ತೂಕ ಎಷ್ಟೇ ಇರಲಿ, ಬೆಳೆಯುವುದೇ ಅಪರಾಧ, ಅದಕ್ಕೆ 10 ವರ್ಷದವರೆಗೂ ಶಿಕ್ಷೆಯಿದೆ. ಆದರೆ ತಮ್ಮ ವರದಿಗಾರರು ಮುಂದಿನ ಸಲ ಗಿಡಗಳೆಷ್ಟು, ಹೂ ಬಿಟ್ಟಿತ್ತೇ, ಬೇರು ಕತ್ತರಿಸಿ ತೂಗಿದರೇ, ತೂಕ ಹಸಿಯದೇ ಎಂದು ಕೇಳಿ, ಸಿಕ್ಕ ಉತ್ತರವನ್ನು ಕೆ.ಜಿ.ಯ ಪಕ್ಕದಲ್ಲೇ ಅಚ್ಚು ಮಾಡಬೇಕೆಂದು ಕೋರುತ್ತೇನೆ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು