ಚಿಗರಿ ಹತ್ತಿ 1995ಕ್ಕ ಹೋಗೂ ಮಗಳಿಗೊಂದು ಪತ್ರ

ಹುಬ್ಬಳ್ಳಿ

ಮಗಳ,

ಅವ್ವನ ಆಶೀರ್ವಾದ. ಇಲ್ಲೆ ಎಲ್ಲಾರೂ ಅರಾಮ ಅದೀವಿ. ನಿಮ್ಮಪ್ಪನ ಮೊಣಕಾಲ ನೋವು ಹಂಗ ಐತಿ. ಮಳಿ ಬಂದ್ರ ನೋವು ಜಾಸ್ತಿ, ಮಳಿ ನಿಂತ್ರ ಮಾತು ಜಾಸ್ತಿ.

ಒಬ್ಬ ಹುಡುಗ ಟೈಮ್ ಮಷೀನ್ ಹತ್ತಿ ತನ್ನ ಅಪ್ಪ-ಅವ್ವನ ಹರೇದ ಕಾಲಕ್ಕ ಹೋಗೂ ಇಂಗ್ಲಿಷ್ ಸಿನೆಮಾ ‘ಬ್ಯಾಕ್ ಟು ದ ಫ್ಯೂಚರ್’ ಈಗ ಹೊಸದಾಗಿ ತಗದ್ರ ಹ್ಯಾಂಗಿರಬೇಕು, ಅದೂ ನಮ್ಮ ಹುಬ್ಬಳ್ಳಿಯೊಳಗ ತಗದ್ರ ಹ್ಯಾಂಗ ಅಂತ ನೀ ಕೇಳಿದಿ. ಫೋನಿನ್ಯಾಗ ಹೇಳಿ ಮುಗಿಸೂ ಮಾತಲ್ಲ ಅದು, ಅದಕ್ಕ ಬರಿಯಾಕ ಕೂತೀನಿ. ನಿಮ್ಮ ಹಾಸ್ಟೆಲ್ ಹುಡುಗ್ಯಾರು ಹೀರೋ ಯಾರಾಗಬೇಕು ಅಂತ ಜಗಳಾಡಿದ್ರಂತ. ಯಾರರ ಆಗವಲ್ಲರ್ಯಾಕ. ಆ ಸಿನೆಮಾ ಮಾಡಿದ ರಾಬರ್ಟ್ ಝೆಮೆಕಿಸ್, ಬಾಬ್ ಗೇಲ್ ಇಬ್ಬರೂ ತಾವು ಇರೂತನಕ ರಿಮೇಕಿಗೆ ಒಪ್ಪೂದಿಲ್ಲ ಅಂತ ಖಡಾಖಂಡಿತ ಹೇಳಿಬಿಟ್ಟಾರ. ಹಿಂಗಾಗಿ ನಮ್ಮ ಸಿನೆಮಾ ಕಾಗದದ ಮ್ಯಾಲೇ ಆಗಬೇಕು. ಕಾಗದದ ಮ್ಯಾಲಾದ್ರ ಖರ್ಚೂ ಇಲ್ಲ.

ಲೆಕ್ಕಾ ಮೊದಲ ಸರಿ ಮಾಡೂಣು. ಆ ಹುಡುಗ 1985ರಿಂದ 1955ಕ್ಕ ಹೋಗ್ತಾನ, 30 ವರ್ಷ ಹಿಂದ. ನೀ 2025ರಿಂದ ಹೊಂಟ್ರ 1995ಕ್ಕ ಮುಟ್ಟತೀ. ಅವಾಗ ನನಗ 17. ಪಿಯುಸಿ ಎರಡನೇ ವರ್ಷ, ಎರಡು ಜಡಿ, ಹೊಸಾ ಸೈಕಲ್ಲು.

ಇನ್ನ ಗಾಡಿ. ಅವರು ಡೆಲೋರಿಯನ್ ಕಾರು ಆರಿಸಿದ್ರು. ಮೊದಲಿನ ಬರವಣಿಗಿಯೊಳಗ ಟೈಮ್ ಮಷೀನು ಅಂದ್ರ ಒಂದು ಫ್ರಿಜ್ಜು. ಅದನ್ನ ನೋಡಿ ಸಣ್ಣ ಹುಡುಗರು ಫ್ರಿಜ್ಜಿನ್ಯಾಗ ಹೊಕ್ಕು ಕೂತಾರು ಅಂತ ಹೆದರಿ ಕೈಬಿಟ್ರು. ಆ ಕಾರಿನ ಕಂಪನಿ ಸಿನೆಮಾಕ್ಕಿಂತ ಮೊದಲ, 1982ರಾಗ, ದಿವಾಳಿ ಎದ್ದಿತ್ತು. ನಿಮ್ಮಪ್ಪ ಹಳೇ ಅಂಬಾಸಿಡರ್ ಇರಲಿ ಅಂದ್ರು. 1995ರಾಗ ಅಂಬಾಸಿಡರ್ ಬಂದ್ರ ಯಾರು ತಿರಗಿ ನೋಡ್ತಾರ? ರೈಲ್ವೆ ಎಂಜಿನ್ನು ಇಡಬೇಕಂದ್ರ ಮೂರನೇ ಭಾಗದಾಗ ಅವರ ಅದನ್ನ ಮಾಡಿ ಮುಗಿಸ್ಯಾರ. ನಮ್ಮದು ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ಸು. ಕಣ್ಣು ಮುಚ್ಚಿ ವಿಚಾರ ಮಾಡು: ಎಸಿ, ತಾನ ತೆರಿಯೂ ಬಾಗಲಾ, ಅದೂ ಬಲಗಡೆ, ನಡುರಸ್ತೆದಾಗಿನ ನಿಲ್ದಾಣದ ಎತ್ತರಕ್ಕ. 1995ರ ಪುಣೆ-ಬೆಂಗಳೂರು (ಪಿ.ಬಿ.) ರೋಡಿನ್ಯಾಗ ಅಂಥಾ ನಿಲ್ದಾಣ ಎಲ್ಲಿಂದ ಬರಬೇಕು? ಬಾಗಲಾ ತೆರೀತೈತಿ, ಕೆಳಗ ಮೆಟ್ಟಲ ಇಲ್ಲ, ನೀ ಧುಮಕಬೇಕು, ಧುಮಕೂ ಜಾಗಾದಾಗ ಎಮ್ಮಿ ನಿಂತಿರಬೇಕು. ವೇಗದ ಮಾತು ಬಂದ್ರ, ಅಲ್ಲೆ ಕಾಲ ದಾಟಾಕ ಕಾರು ತಾಸಿಗೆ 88 ಮೈಲಿ ಮುಟ್ಟಬೇಕು, ಅಂದ್ರ ಸುಮಾರು 142 ಕಿಲೋಮೀಟರ್. ಚಿಗರಿ ಅಷ್ಟು ಓಡಿದ್ರ ಹಿಂದಿನ ಕಾಲಕ್ಕಲ್ಲ, ಸೀದಾ ಉಣಕಲ್ ಕೆರಿಗೆ ಹೋಗ್ತೈತಿ. 88 ಕಿಲೋಮೀಟರ್ ಅಂತ ಇಟಗೊಳ್ಳೂಣು.

ಆ ಸಿನೆಮಾದಾಗ ಹುಡುಗ 1955ರಾಗ ಒಂದು ಪೈನ್ ಗಿಡ ಕೆಡವಿ ಹೋಗ್ತಾನ, ವಾಪಸ್ ಬಂದಾಗ ಶಾಪಿಂಗ್ ಮಾಲಿನ ಹೆಸರಿನ್ಯಾಗಿನ ಜೋಡಿ ಪೈನ್ ಹೋಗಿ ಒಂಟಿ ಪೈನ್ ಆಗಿರತೈತಿ. ಅದು ನನಗ ಭಾಳ ಸೇರತೈತಿ. ನೀ ಧಾರವಾಡಕ್ಕ ವಾಪಸ್ ಬಂದಾಗ ಸಪ್ತಾಪುರದ ಬೋರ್ಡು ಷಷ್ಠಾಪುರ ಆಗಿರಬೇಕು. ಯಾಕಂತ ಯಾರೂ ವಿವರಿಸಬಾರದು.

ಕರೆಂಟಿನ ಬಗ್ಗೆ ಮಾತ್ರ ನಾ ಸುಮ್ಮನಿರೂದಿಲ್ಲ, ವಿಜ್ಞಾನದ ಅಕ್ಕೋರು ನಾನು. ಟೈಮ್ ಮಷೀನಿಗೆ 1.21 ಗಿಗಾವ್ಯಾಟ್ ಬೇಕು ಅಂತ ಅದನ್ನ ಕಟ್ಟಿದ ಆ ಮುದುಕ ವಿಜ್ಞಾನಿ ತಲಿ ಹಿಡಕೊಂಡು ಒದರ್ತಾನಲಾ, ಅಂದ್ರ 1210 ಮೆಗಾವ್ಯಾಟ್. ನಮ್ಮ ಶರಾವತಿಯ ಹತ್ತೂ ಘಟಕ ಒಮ್ಮೆಲೆ ಪೂರಾ ತಿರಗಿದ್ರ 1035. ಅಂದ್ರ ಜೋಗದ ನೀರೆಲ್ಲಾ ಹರಿಸಿ ಇಡೀ ರಾಜ್ಯದ ದೀಪಾ ಆರಿಸಿದ್ರೂ ನಿನ್ನ ಬಸ್ಸು ಏಳೂದಿಲ್ಲ. ಕೈಗಾದ ನಾಕೂ ಘಟಕ ಸೇರಿದ್ರ 880. ಅದೂ ಈಗಿನ ಮಾತು, 1995ರಾಗ ಅಲ್ಲಿನ್ನೂ ಕಟ್ಟಡದ ಕೆಲಸ ನಡದಿತ್ತು. ಹಿಂಗಾಗಿ ನಮಗೂ ಸಿಡಿಲ ಗತಿ. ಸಿಡಿಲಿಗೆ ಬರಗಾಲ ಇಲ್ಲ, ಉತ್ತರಿ ಮಳಿಯೊಳಗ ಬೇಕಾದಷ್ಟು ಹೊಡೀತಾವು. ತ್ರಾಸು ಇರೂದು ವ್ಯಾಳ್ಯಾದ್ದು. ಅವರಿಗೆ ಗಡಿಯಾರ ಗೋಪುರ ಇತ್ತು, ಸಿಡಿಲು ಬಡದು ಗಡಿಯಾರ 10 ಗಂಟೆ 4 ನಿಮಿಷಕ್ಕ ನಿಂತಿತ್ತು, ಹಿಂಗಾಗಿ ನಿಮಿಷದ ಲೆಕ್ಕಾ ಸಿಕ್ತು. ನಮ್ಮಲ್ಲೆ ತೆಂಗಿನ ಗಿಡಕ್ಕ ಸಿಡಿಲು ಬಡದ್ರ ಪೇಪರಿನ್ಯಾಗ ಊರಿನ ಹೆಸರು ಬರತೈತಿ, ಎಮ್ಮಿ ಸತ್ತಿದ್ರ ಎಮ್ಮಿದೂ ಬರತೈತಿ, ನಿಮಿಷ ಯಾರು ಬರೀತಾರ? ರೈಲ್ವೆದಾವ್ರು ಬರೀತಾರ. ಅಮರಗೋಳ ಸ್ಟೇಶನ್ನಿನ ಸಿಗ್ನಲ್ ಕಂಬಕ್ಕ ಸಿಡಿಲು ಬಡೀಲಿ, ಸ್ಟೇಶನ್ ಮಾಸ್ತರ್ ಡೈರಿಯೊಳಗ ತಾರೀಖು, ತಾಸು, ನಿಮಿಷ ಎಲ್ಲಾ ಬರದು ಸಹಿ ಮಾಡಲಿ. ನಿನ್ನ ಕೈಯಾಗ ಆ ಹಾಳಿಯ ಫೋಟೋ ಇದ್ರ ಸಾಕು.

ರೈಲ್ವೆ ಅಂದ ಕೂಡಲೇ ಆ ಮುದುಕ ವಿಜ್ಞಾನಿ ಯಾರು ಅನ್ನೂದೂ ತೀರ್ಮಾನ ಆತು. ನಿಮ್ಮಜ್ಜ. ನೀ ಅವರನ್ನ ನೋಡಲೇ ಇಲ್ಲ. 1885ರಾಗ ಸುರುವಾದ ನಮ್ಮ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ್ಯಾಗ ಫಿಟ್ಟರ್ ಇದ್ರು. ಮನ್ಯಾಗ ಅವರು ಬಿಚ್ಚಲಾರದ ಸಾಮಾನು ಇದ್ದಿದ್ದಿಲ್ಲ, ತಿರಗಿ ಜೋಡಿಸಿದ ಮ್ಯಾಲೆ ಎರಡು ಸ್ಕ್ರೂ ಉಳೀಲಾರದ ಸಾಮಾನೂ ಇದ್ದಿದ್ದಿಲ್ಲ.

ನೀ ಹೋಗಿ ‘ನಾ ನಿಮ್ಮ ಮೊಮ್ಮಗಳು’ ಅಂದ್ರ ಅವರು ನಂಬಬೇಕಲಾ. ಅದಕ್ಕ ನೀ ಮುಟ್ಟೂದು ಸೆಪ್ಟೆಂಬರ್ 20, ಬುಧವಾರ. ‘ಅಜ್ಜಾ, ನಾಳೆ ದೇಶದ ತುಂಬ ಗಣಪತಿ ಹಾಲು ಕುಡೀತಾನ’ ಅನ್ನು. ಅವರು ನಗತಾರ. ಮರುದಿನ ಮುಂಜಾನೆದಿಂದ ಗುಡಿ ಮುಂದ ಸಾಲು, ಕೈಯಾಗ ವಾಟಗಾ, ಚಮಚಾ, ಹಾಲಿನ ಪಾಕೀಟು ಸಿಗವಲ್ಲವು. ನಾ ಕಣ್ಣಾರೆ ಕಂಡ ದಿನ ಅದು. ನಿಮ್ಮಜ್ಜ ಮಾತ್ರ ಸಾಲಿನ್ಯಾಗ ನಿಲ್ಲಾಕಿಲ್ಲ. ಮನ್ಯಾಗಿನ ಹಿತ್ತಾಳಿ ನಂದಿ ತಗೊಂಡು ಅಂಗಳದಾಗ ಕೂತು, ಹಾಲಿನ ಚಮಚಾ ಅದರ ಮೂತಿಗೆ ಹಿಡದು, ‘ನೋಡ್ರಿ, ಇದೂ ಕುಡೀತೈತಿ, ಮ್ಯಾಲ್ಮೈ ಎಳತಾ ಇದು, ಹಾಲು ಕೆಳಗ ಹರದು ಹೋಗಾಕತ್ತೈತಿ’ ಅಂತ ಓಣಿಯವರಿಗೆಲ್ಲಾ ತೋರಿಸಾಕತ್ತಿದ್ರು. ಪಕ್ಕದ ಮನಿಯವರು ಒಂದು ವಾರ ಮಾತು ಬಿಟ್ಟಿದ್ರು. ಇಂಥಾ ಮನಷ್ಯಾ ಇರುವಾಗ ಬ್ಯಾರೆ ವಿಜ್ಞಾನಿ ಯಾಕ?

ನಿನ್ನ ಪಡಿಪಾಟಲೂ ಸ್ವಲ್ಪ ಬರಬೇಕು. ಫೋನು ತಗದೀ ಅಂದ್ರ ಅದು ಬರೇ ಬ್ಯಾಟ್ರಿ. ದೇಶದ ಮೊದಲನೇ ಮೊಬೈಲ್ ಕರೆ ಆಗಿದ್ದ 1995ರ ಜುಲೈ 31ಕ್ಕ, ಕಲಕತ್ತಾದಿಂದ ದಿಲ್ಲಿಗೆ. ಸೆಪ್ಟೆಂಬರಿಗೆ ಹುಬ್ಬಳ್ಳಿಗೆ ಎಲ್ಲಿ ಟವರ್? ‘ನಮ್ಮಪ್ಪ ಗದಗ ಜಿಲ್ಲಾದಾವ್ರು’ ಅಂದೀ, ಎಲ್ಲಾರೂ ನಿನ್ನ ಮಾರಿ ನೋಡ್ತಾರ, ಯಾಕಂದ್ರ ಗದಗ, ಹಾವೇರಿ ಎರಡೂ 1997ರತನಕ ಧಾರವಾಡ ಜಿಲ್ಲಾದಾಗ ಇದ್ದವು. ಆ ಸಿನೆಮಾದಾಗ ‘1985ರ ಅಧ್ಯಕ್ಷ ರೊನಾಲ್ಡ್ ರೇಗನ್’ ಅಂದಾಗ ‘ಆ ನಟ?’ ಅಂತ ಮುದುಕ ನಗತಾನಲಾ, ಅದಕ್ಕ ನಮ್ಮಲ್ಲೆ ಹುಡುಕೂದ ಬ್ಯಾಡ. ‘ಮುಂದಿನ ವರ್ಷ ನಿಮ್ಮ ಮುಖ್ಯಮಂತ್ರಿ ದೇವೇಗೌಡರು ಪ್ರಧಾನಮಂತ್ರಿ ಆಗ್ತಾರ’ ಅನ್ನು. ಚಹಾದಂಗಡಿಯಾಗ ಇದ್ದವರೆಲ್ಲಾ ಬಿದ್ದು ಬಿದ್ದು ನಗತಾರ. ಆ ಹುಡುಗ ಗಿಟಾರ್ ಬಾರಿಸೂ ದೃಶ್ಯ ನಮಗ ಬ್ಯಾಡ. ಕಾಲೇಜ್ ಗ್ಯಾದರಿಂಗಿನ್ಯಾಗ ನೀ ಹಾಡಿದ್ರ ಧಾರವಾಡದ ಮಂದಿ ಮೊದಲ ತಾಳ ಎಣಸ್ತಾರ. ಅದರ ಬದಲಿ ದೇಶಪಾಂಡೆ ನಗರಕ್ಕ ಹೋಗಿ ಗಂಗೂಬಾಯಿ ಹಾನಗಲ್ ಅವರ ಮನಿ ಮುಂದ ನಿಂತು ರಿಯಾಜು ಕೇಳಿ ಬಾ. 2009ರಾಗ ಅವರು ಹೋದಾಗ ನಿನಗ ಮೂರು ವರ್ಷ.

ಇನ್ನ ನನ್ನ ಖರೇ ತಕರಾರಿಗೆ ಬರತೀನಿ.

ಈ ಕತಿ ಹುಟ್ಟಿದ್ದು ಬಾಬ್ ಗೇಲ್ ತಮ್ಮ ಅಪ್ಪನ ಹಳೇ ಹೈಸ್ಕೂಲ್ ಪುಸ್ತಕದಾಗಿನ ಫೋಟೋ ನೋಡಿ. ಅವಾಗ ನಾ ಅಲ್ಲಿದ್ರ ಅಪ್ಪನ ಗೆಳೆಯಾ ಆಗತಿದ್ನೇನು ಅಂತ ಅವರಿಗೆ ಅನಸ್ತಂತ. ಅಷ್ಟ ಚಲೋ ಪ್ರಶ್ನಿ ಇಟಗೊಂಡು ಕತಿಯನ್ನ ಅಪ್ಪ-ಅವ್ವನ ಜೋಡಿ ಕೂಡಸೂ ಕೆಲಸಕ್ಕ ಹಚ್ಚಿಬಿಟ್ರು, ಅವರು ಕೂಡಲಿಲ್ಲಂದ್ರ ಹುಡುಗನ ಮಾಯ ಆಗ್ತಾನ. ನಮ್ಮಲ್ಲೆ ಅದು ನಡಿಯೂದಿಲ್ಲ. ನಿಮ್ಮಪ್ಪನ್ನ ನಾ ನೋಡಿದ್ದ 2003ರಾಗ, ಅದೂ ಮುಳಗುಂದದ ಮಾಮಾ, ಲಕ್ಷ್ಮೇಶ್ವರದ ಅತ್ತಿ, ಕುಂಡಲಿ ನೋಡಿದ ಶಾಸ್ತ್ರಿಗಳು, ಇಷ್ಟೆಲ್ಲಾ ಮಂದಿ ನಡಕ ಬಂದ ಮ್ಯಾಲೆ. ಆ ಮದಿವಿ ಮುರಿಯಾಕ ಒಂದು ಹುಡುಗಿ, ಒಂದು ಬಸ್ಸು ಸಾಲೂದಿಲ್ಲ. ಹಿಂಗಾಗಿ ನೀ ಮಾಯ ಆಗೂ ಹೆದರಿಕಿ ಇಲ್ಲ. ಉಳದದ್ದು ಬಾಬ್ ಗೇಲ್ ಕೇಳಿದ ಪ್ರಶ್ನಿ: ನಾನು ನೀನು ಗೆಳತ್ಯಾರು ಆಗತಿದ್ವೇನು? ನನಗಂತೂ ಮೊದಲ ದಿನ ನೀ ಸೇರತಿದ್ದಿಲ್ಲ. ಕೂದಲಾ ಬಿಟಗೊಂಡು, ಗಂಡಹುಡುಗರ ಕೂಡ ಜೋರ ನಕ್ಕೋತ ಮಾತಾಡೂ ಹುಡುಗಿ. ನಾ ಮಾರಿ ತಿರವಿ ಹೋಗತಿದ್ನಿ. ಎರಡನೇ ದಿನ ನಿನಗ ಗಿರಮಿಟ್ ಕೊಡಸ್ತಿದ್ನಿ, ಯಾಕಂದ್ರ ನಿನ್ನ ಹತ್ರ ರೊಕ್ಕ ಇರತಿದ್ದಿಲ್ಲ.

ಮತ್ತ ಒಂದು ವಿಚಿತ್ರ ಐತಿ. ಸಿನೆಮಾದ ಕಡೀಕ ಆ ಅವ್ವ ತನ್ನ ಮಗನ್ನ ನೋಡ್ತಾಳ, ಗುರುತ ಹಿಡಿಯೂದಿಲ್ಲ. ‘ಅಯ್ಯ, ಇಂವ ನಾ 17ರಾಗ ಮನಸ್ಸು ಕೊಟ್ಟ ಹುಡುಗ’ ಅಂತ ಆಕಿಗೆ ಅನಸೂದ ಇಲ್ಲ. ಕೆಲವ ದಿನ ನೋಡಿದ ಮಾರಿ 30 ವರ್ಷಕ್ಕ ಹ್ಯಾಂಗ ನೆಪ್ಪಿರತೈತಿ ಅಂತ ಬಾಬ್ ಗೇಲ್ ಉತ್ತರಾ ಕೊಟ್ಟಾರ. ನಾ ಒಪ್ಪೂದಿಲ್ಲ. ಬರದವರು ಯಾರೂ ಮಕ್ಕಳ ತಲಿಗೆ ಎಣ್ಣಿ ಹಚ್ಚಿದವರಲ್ಲ ಅಂತ ಕಾಣಸ್ತೈತಿ. ನಮ್ಮ ಸಿನೆಮಾ ಅಲ್ಲಿಂದನ ಸುರು ಆಗಬೇಕು, ಅದೂ ಅವ್ವನ ಕಡಿಂದ. 17ರಾಗ ಒಬ್ಬ ಗೆಳತಿ ಸಿಕ್ಕಿದ್ಳು, ಸಿಡಿಲು ಬಡದ ರಾತ್ರಿ ಹೋಗಿಬಿಟ್ಳು. 2006ರಾಗ ಮಗಳು ಹುಟ್ಟತಾಳ. ಮೊದಮೊದಲ ಏನೂ ಇಲ್ಲ. ಐದನೇ ವರ್ಷಕ್ಕ ಆ ಕೂಸು ಶೇಂಗಾದ ಸಿಪ್ಪಿ ಬಿಡಿಸೂ ರೀತಿ ನೋಡಿ ಅವ್ವಗ ಏನೋ ಅನಸ್ತೈತಿ. ಹನ್ನೆರಡಕ್ಕ ನಗಿ. ಹದಿನೈದಕ್ಕ ಸಿಟ್ಟು. ಆಮ್ಯಾಲೆ ಒಂದು ದಿನ ಬಾಗಲದಾಗ ಆ ಗೆಳತಿನ ನಿಂತಿರತಾಳ, ‘ಅವ್ವಾ, ನನ್ನ ಚಾರ್ಜರ್ ಎಲ್ಲೈತಿ’ ಅನಕೋತ.

ಆಕಿ ಹೋಗೂ ದಿನ ಅವ್ವಗ ಗೊತ್ತಿರತೈತಿ. ಹೇಳಾಕ ಬರೂದಿಲ್ಲ. ತಡಿಯಾಕೂ ಬರೂದಿಲ್ಲ, ತಡದ್ರ ತನ್ನ ಗೆಳತಿ ತನಗ ಸಿಗೂದಿಲ್ಲ. ಆಕಿ ಮಾಡೂದು ಒಂದ ಕೆಲಸ, ಹಳೇ ನೋಟು ಕೂಡಸೂದು. ನಿನ್ನ ಪರ್ಸಿನ್ಯಾಗಿನ 200ರ ನೋಟು 2017ರಾಗ ಬಂದದ್ದು. ಗಾಂಧಿ ಚಿತ್ರದ ಹತ್ತು ರೂಪಾಯಿ ನೋಟು ಬಂದದ್ದೂ 1996ರಾಗ. 1995ರಾಗ ಅದನ್ನ ಕೊಟ್ರ ಅಂಗಡಿಯವ ಪೊಲೀಸರನ್ನ ಕರೀತಾನ. ಹಿಂಗಾಗಿ ಅವ್ವ ಆಯಿ ಟ್ರಂಕಿನ್ಯಾಗಿಂದ, ದೇವರ ಜಗಲಿ ಕೆಳಗಿಂದ, ಮೂರು ಸಿಂಹದ ನೋಟು ಒಂದೊಂದ ಹುಡುಕಿ ಚಟ್ನಿಪುಡಿ ಡಬ್ಬಿ ತಳದಾಗ ಇಟ್ಟು ಕೊಡತಾಳ. ಮಗಳು ‘ಇಷ್ಟು ಚಟ್ನಿಪುಡಿ ಯಾರು ತಿಂತಾರವ್ವಾ’ ಅಂತ ಒದರಾಡ್ತಾಳ. ನೀನ ಹೇಳು, ಅದಕ್ಕಿಂತ ಚಲೋ ಇಂಟರ್ವಲ್ ಬೇಕ?

ಕ್ಲೈಮ್ಯಾಕ್ಸ್ ಬದಲಿ ಮಾಡಲೇಬೇಕು. ಆ ಹುಡುಗ ವಾಪಸ್ ಬಂದಾಗ ಮನಿ ತುಂಬ ಹೊಸಾ ಸಾಮಾನು, ಬಾಗಲದಾಗ ಹೊಸಾ ಟ್ರಕ್ಕು, ಅಪ್ಪ ದೊಡ್ಡ ಲೇಖಕ, ಅವ್ವ ತೆಳ್ಳಗ. ಅಪ್ಪನ ಪಾತ್ರ ಮಾಡಿದ ಕ್ರಿಸ್ಪಿನ್ ಗ್ಲೋವರ್‌ಗೂ ಈ ರೊಕ್ಕದ ಬಹುಮಾನ ಸೇರಿದ್ದಿಲ್ಲ. ನನ್ನ ತೆಳ್ಳಗ ಮಾಡಾಕ ನೀ ಏನೂ 30 ವರ್ಷ ಹಿಂದ ಹೋಗೂದು ಬ್ಯಾಡ, ಸಂಜಿಮುಂದ ಒಂದೀಟು ನಡಿಯಾಕ ಕರಕೊಂಡು ಹೋದ್ರ ಸಾಕು.

ಪತ್ರದ ವಿಷಯಕ್ಕ ಮಾತ್ರ ನಿನ್ನ ಸಲಹಾ ಬೇಕು. ಆ ಹುಡುಗ ಮುದುಕಗ ಬರದು ಇಡತಾನಲಾ, ನಿನ್ನ ಗುಂಡ ಹೊಡದು ಕೊಲ್ಲತಾರ ಅಂತ. ಮುದುಕ ಹರದು ಬಿಸಾಡ್ತಾನ, ಆಮ್ಯಾಲೆ ಟೇಪ್ ಹಚ್ಚಿ ಓದಿಕೊಂಡು ಉಳೀತಾನ. ನಮ್ಮ ಸಿನೆಮಾದಾಗ ಆ ಪತ್ರ ಬರಿಯಾಕಿ ನಾನು, ಒಯ್ಯಾಕಿ ನೀನು. ನಿಮ್ಮಜ್ಜ 2001ರಾಗ ಎದಿನೋವಿನಿಂದ ಹೋದ್ರು. ನಾ ಬರಿಯೂದು ಎರಡ ಸಾಲು: ಬೀಡಿ ಬಿಡ್ರಿ, ಎದಿ ತೋರಸ್ರಿ.

ಮೊನ್ನೆ ಆಯಿ ಕೂಡ ಮಾತಾಡುವಾಗ ಒಂದು ಸಂಗತಿ ಬಂತು. 1995ರಾಗ, ಗಣಪತಿ ಹಾಲು ಕುಡದ ಆ ವಾರದಾಗ, ನಿಮ್ಮಜ್ಜ ಒಮ್ಮೆಲೆ ಬೀಡಿ ಬಿಟ್ಟಿದ್ರಂತ. ಯಾಕಂದ್ರ ‘ಯಾರೋ ಹೇಳ್ಯಾರ’ ಅಂತಿದ್ರಂತ. ದೀಪಾವಳಿಗೆ ಮತ್ತ ಸುರು. ಅಂದ್ರ ನೋಡು, ಪತ್ರ ಮುಟ್ಟೇತಿ, ಸಾಕಾಗಿಲ್ಲ. ಹಿಂಗಾಗಿ ಚಿತ್ರಕತಿ ತಿದ್ದೂಣು. ನೀ ಪತ್ರ ಕೊಟ್ಟು ಬರಬ್ಯಾಡ. ಎದುರಿಗೆ ಕೂತು ಓದಸು, ದವಾಖಾನಿಗೆ ಕರಕೊಂಡು ಹೋಗು, ದೀಪಾವಳಿ ಮುಗಿಯೂತನಾ ಅಲ್ಲೇ ಇರು. ಸಿಡಿಲು ಸೆಪ್ಟೆಂಬರಿನ್ಯಾಗ ಬ್ಯಾಡ, ಅಕ್ಟೋಬರ್ 24ರ ರಾತ್ರಿ ಹೊಡೀಲಿ. ಅವತ್ತ ಅಮಾಸಿ, ಸೂರ್ಯಗ್ರಹಣನೂ ಇತ್ತು, ಕ್ಯಾಮೆರಾದಾವ್ರಿಗೂ ಚಲೋ ಆತು. ಡೈರಿ ಬರಿಯೂ ಸ್ಟೇಶನ್ ಮಾಸ್ತರ್ ನಮ್ಮವರ, ತಾರೀಖು ತಿದ್ದಾಕ ಏನಡ್ಡಿ? ಚಟ್ನಿಪುಡಿ ಅಷ್ಟು ದಿನಕ್ಕ ಸಾಲತೈತೇನು ಅನ್ನೂದು ಲೆಕ್ಕಾ ಹಾಕಿ ತಿಳಸು.

ನಿನ್ನ ಅವ್ವ